ಅಪ್ಪನ ಪಾಲಿನ ಎಲುಬು

“ಮಾತಾಡಬೇಡಿ ಅಪ್ಪ. ಮಾತಾಡಿದ್ರೆ ಬಿಪಿ ಜಾಸ್ತಿ ತೋರಿಸುತ್ತೆ,” ಎಂದಳು ಬುರುಲ್.

“ನಾನೆಲ್ಲಿ ಮಾತಾಡಿದೆ? ಉಸಿರು ಬಿಟ್ಟೆ ಅಷ್ಟೆ.”

“ಉಸಿರನ್ನೂ ಮೆಲ್ಲಗೆ ಬಿಡಿ.”

ಶಾಯಿಮ್‌ಬೆಕ್ ಮೆಲ್ಲಗೆ ಉಸಿರು ಬಿಟ್ಟ. ತೋಳಿಗೆ ಸುತ್ತಿದ ಪಟ್ಟಿ ಬಿಗಿಯಾಗುತ್ತಿದ್ದಂತೆ ಅವನ ಕಣ್ಣು ಒಲೆಯ ಕಡೆಗೆ ಜಾರಿತು. ಅಲ್ಲಿ ಅವನ ಹೆಂಡತಿ ಅನಾರ್‌ಕುಲ್ ಚುಚುಕ್ ಬೇಯಿಸುತ್ತಿದ್ದಳು. ಕುದುರೆಯ ಕರುಳಿಗೆ ಮಾಂಸಕ್ಕಿಂತ ಕೊಬ್ಬನ್ನೇ ಹೆಚ್ಚು ತುಂಬಿ ಕಟ್ಟಿದ್ದು, ಮಗಳು ರಾಜಧಾನಿ ಬಿಷ್ಕೆಕ್‌ನಿಂದ ರಜೆಗೆ ಬರುತ್ತಾಳೆಂದು ಎತ್ತಿಟ್ಟಿದ್ದು. ಯಂತ್ರ ಕೊನೆಗೊಮ್ಮೆ ಕುಂಯ್ ಎಂದು ಅಂಕಿ ತೋರಿಸಿತು. ಬುರುಲ್ ಅದನ್ನು ಎರಡು ಸಲ ನೋಡಿದಳು.

“ಎಷ್ಟು?” ಅಪ್ಪ ಕೇಳಿದ.

“ಎಷ್ಟಿರಬಾರದೋ ಅಷ್ಟು. ತಲೆ ನೋಯ್ತಿತ್ತಾ?”

“ತಲೆ ಅಂದಮೇಲೆ ನೋಯುತ್ತೆ. ಅದು ಅದರ ಕೆಲಸ.”

ಓದಲು ಹೋದ ಮಕ್ಕಳು ಊರಿಗೆ ಬಂದರೆ ಮೊದಲು ಮಾಡುವುದು ಮನೆಯಲ್ಲಿ ತಪ್ಪು ಹುಡುಕುವ ಕೆಲಸ. ಬುರುಲ್ ಅದರಲ್ಲಿ ತಡಮಾಡಲಿಲ್ಲ. ಕೋಟು ಬಿಚ್ಚಿ ಗೂಟಕ್ಕೆ ಹಾಕುವ ಮೊದಲೇ ಬ್ಯಾಗಿನಿಂದ ಯಂತ್ರ ತೆಗೆದಿದ್ದಳು. ಆದರೆ ಅವಳನ್ನು ಪೂರ್ತಿ ದೂರುವ ಹಾಗೂ ಇಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಅವಳ ಎರಡನೆಯ ವರ್ಷ. ಆ ಸೆಮಿಸ್ಟರ್‌ನಲ್ಲಿ ಆಸ್ಪತ್ರೆಗೆ ಕೆಲಸ ಕಲಿಯಲು ಹೋಗುತ್ತಿದ್ದಾಗ ಒಬ್ಬ ರೋಗಿಯನ್ನು ನೋಡಿದ್ದಳು. ನಮ್ಮ ನಾರಿನ್ ಕಡೆಯ ಕುರುಬ, ಅಪ್ಪನದೇ ವಯಸ್ಸು. ಪಾರ್ಶ್ವವಾಯು ಹೊಡೆದು ಅರ್ಧ ಮೈ ಸತ್ತುಹೋಗಿತ್ತು. ಇವಳ ಮಾತಿನ ಧಾಟಿ ಕೇಳಿ ಅವನ ಕಣ್ಣು ಅರಳಿತ್ತು. “ಯಾರ ಮಗಳಮ್ಮಾ ನೀನು?” ಎಂದು ಕೇಳಲು ಹೋದವನ ಬಾಯಿಂದ ಬರೀ ಜೊಲ್ಲು ಬಂತು. ಹೆಂಡತಿ ಪಕ್ಕದಲ್ಲಿ ಕೂತು ಒರೆಸುತ್ತಿದ್ದಳು. ಒರೆಸಿ ಒರೆಸಿ ಅವನ ಗಲ್ಲ ಕೆಂಪಾಗಿತ್ತು.

ಸೆಮಿಸ್ಟರ್‌ನ ಕೊನೆಯ ದಿನ ನಾಸಿಪಾ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ, ಇಷ್ಟು ತಿಂಗಳಲ್ಲಿ ಏನು ಕಲಿತಿರಿ ಎಂದು ಕೇಳಿದ್ದರು. ಹುಡುಗರು ತಾಳ್ಮೆ ಕಲಿತೆವು, ಶಿಸ್ತು ಕಲಿತೆವು ಎಂದು ಗಿಳಿಪಾಠ ಒಪ್ಪಿಸಿ ಕೂತರು. ಬುರುಲ್ ಎದ್ದು ನಿಂತು, “ಹೆದರಿಕೆ ಕಲಿತೆ ಮೇಡಂ,” ಎಂದಳು. ಆ ಕುರುಬನ ಕಥೆ ಹೇಳುತ್ತ ಅತ್ತೇಬಿಟ್ಟಳು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಎಲ್ಲರೂ ಕೇಳಿಸಿಕೊಳ್ಳಿ. ರಜೆ ಅಂದ್ರೆ ತಿಂದು ಮಲಗೋದಲ್ಲ. ಬೇಗ ಏಳಿ, ನಡೀರಿ, ಉಪ್ಪು ಕಡಿಮೆ ಮಾಡಿ. ನೀವು ಮಾತ್ರ ಅಲ್ಲ, ನಿಮ್ಮ ಮನೆಯವರ ಕೈಲೂ ಮಾಡಿಸಿ. ಒಂದು ಮನೇಲಿ ಒಂದು ಅಭ್ಯಾಸ ಬದಲಾದ್ರೆ ನಾನು ಪಾಠ ಮಾಡಿದ್ದು ಸಾರ್ಥಕ,” ಎಂದರು. ಮಾಡಿಸಿದ್ದರ ಫೋಟೋಗಳನ್ನು ಫೋನಿನಲ್ಲಿ ತರಗತಿಯ ಗುಂಪಿಗೆ ಕಳಿಸಬೇಕೆಂದೂ ಹೇಳಿದರು.

ಅವಳು ಊರಿಗೆ ಬಂದ ಮರುದಿನದಿಂದ ಮನೆಯಲ್ಲಿ ಹೊಸ ಸರ್ಕಾರ ಬಂತು. ನಮ್ಮಲ್ಲಿ ಚಹಾಕ್ಕೆ ಹಾಕುವ ಉಪ್ಪು ನಿಂತಿತು. ಚುಚುಕ್ ಹೊರಗಿನ ಉಗ್ರಾಣದ ಹಿಮದಲ್ಲಿ ಹೂತುಹೋಯಿತು. ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು ಬೆಂದವು. ಅನಾರ್‌ಕುಲ್ ಪಾತ್ರೆ ಕುಕ್ಕಿದಳು, ಗೊಣಗಿದಳು, ಕೊನೆಗೆ ಸುಮ್ಮನಾದಳು. ಶಾಯಿಮ್‌ಬೆಕ್ ಮಾತ್ರ ಗೊಣಗಲೇ ಇಲ್ಲ. ಜೀವಮಾನವಿಡೀ ಬೇರೆಯವರ ಕುರಿ ಕಾಯ್ದವನು ಅವನು. ಅವನಿಗೆ ಸಿಟ್ಟು ಬಂದದ್ದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ಮಗಳು ಎಬ್ಬಿಸಿದರೆ ಏಳುತ್ತಿದ್ದ, ನಡೆಯಿರಿ ಎಂದರೆ ನದಿಯವರೆಗೂ ನಡೆಯುತ್ತಿದ್ದ.

ನಮ್ಮ ಊರಿನಲ್ಲಿ ಆ ಚಳಿಯಲ್ಲಿ ಕಾರಣವಿಲ್ಲದೆ ನಡೆಯುವ ಮನುಷ್ಯನೇ ಇಲ್ಲ. ಪಕ್ಕದ ಮನೆಯ ಕಾದಿರ್ ಬೇಲಿಯಾಚೆಯಿಂದ ದಿನಾ ಕೂಗುತ್ತಿದ್ದ: “ಏನಯ್ಯಾ ಶಾಯಿಮ್‌ಬೆಕ್, ಇವತ್ತು ಯಾವ ಹಸು ಕಳೆದುಕೊಂಡೆ?”

“ಹಸು ಅಲ್ಲ ಮಾರಾಯಾ, ಹೊಟ್ಟೆ ಕಳೆದುಕೊಳ್ಳೋಕೆ ಹೊರಟಿದೀನಿ.”

“ನಿನಗೆಲ್ಲಿದೆ ಹೊಟ್ಟೆ? ಬಾ, ನಂದು ಸ್ವಲ್ಪ ತಗೊಂಡು ಹೋಗು, ನಡೆಸ್ಕೊಂಡು ಬಾ!”

ನದಿ ದಂಡೆಯಲ್ಲಿ ಅಪ್ಪ ಮುಂದೆ, ಮಗಳು ಹಿಂದೆ. ಅಪ್ಪ ತನ್ನಷ್ಟಕ್ಕೆ ಏನೋ ಗುನುಗುಟ್ಟುವುದು ಕೇಳಿ ಬುರುಲ್ ಒಮ್ಮೆ ಹತ್ತಿರ ಹೋದಳು. ಅವನು ಭಾಷಣ ಮಾಡುತ್ತಿದ್ದ. “ಬೀಗರೇ, ನಾವು ದೂರದಿಂದ ಬಂದಿದೀವಿ, ಆದ್ರೆ ಪರಕೀಯರಾಗಿ ಬಂದಿಲ್ಲ…” ಎಂದು ಹಿಮಕ್ಕೆ ಹೇಳುತ್ತಿದ್ದ.

ಸಂಗತಿ ಇಷ್ಟು. ಶಾಯಿಮ್‌ಬೆಕ್‌ನ ತಮ್ಮ ಮುಕಾಶ್‌ನ ಮಗನಿಗೆ ಘಟ್ಟದಾಚೆಯ ಕೊಚ್ಕೋರ್‌ನಲ್ಲಿ ಹುಡುಗಿ ಗೊತ್ತಾಗಿತ್ತು. ಹುಡುಗಿಯ ಕಿವಿಗೆ ಓಲೆ ಇಟ್ಟು ಮದುವೆ ನಿಶ್ಚಯ ಮಾಡಿ ಬರಲು ಗಂಡಿನ ಕಡೆಯವರು ಹೋಗಬೇಕು. ಮನೆತನದ ಹಿರಿಯ ಮುಂದಾಳು, ಬೀಗರ ಹೊಸಿಲಲ್ಲಿ ಮೊದಲ ಮಾತು ಅವನದು. ಮುಕಾಶ್‌ಗೆ ಅಂಗಡಿಯಿತ್ತು, ಜೀಪ್ ಇತ್ತು, ಹತ್ತು ಜನರ ಮುಂದೆ ಹರಳು ಹುರಿದಂತೆ ಮಾತಾಡುವ ಬಾಯಿಯೂ ಇತ್ತು. ಶಾಯಿಮ್‌ಬೆಕ್‌ಗೆ ಇದ್ದದ್ದು ಹಿರಿತನ ಒಂದೇ. ತನ್ನ ಅಪ್ಪ ತೀರಿಕೊಂಡ ಮೇಲೆ ನೆಂಟರ ಮನೆಗಳಲ್ಲಿ ಬಾಗಿಲಿಗೆ ಎದುರಾಗಿ, ಮೇಲಿನ ಜಾಗದಲ್ಲಿ ಕೂರುತ್ತಿದ್ದವನು ಅವನು. ಕುರಿ ಕೊಯ್ದಾಗ ಜಂಬಾಶ್, ಅಂದರೆ ಸೊಂಟದ ಎಲುಬು, ಅವನ ಮುಂದೆ ಬರುತ್ತಿತ್ತು. ನಮ್ಮಲ್ಲಿ ಯಾರು ಯಾರೆಂದು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಮುಂದೆ ಇಟ್ಟ ಎಲುಬು ನೋಡಿದರೆ ಸಾಕು.

ಅಷ್ಟರಲ್ಲಿ ಬುರುಲ್‌ಳ ಸೋದರತ್ತೆಯ ಮನೆಯಿಂದ ಕರೆ ಬಂತು. ಚಳಿಗಾಲದ ಮಾಂಸಕ್ಕೆಂದು ಕುದುರೆ ಕೊಯ್ದ ಮನೆಯವರು ನೆಂಟರಿಷ್ಟರನ್ನೆಲ್ಲ ಕರೆದು ಊಟ ಹಾಕುವುದುಂಟು. ಶಾಯಿಮ್‌ಬೆಕ್‌ನ ತಂಗಿ ಸಾಯಿರಾ ತವರಿನವರಿಗೆಂದು ಕುರಿಯನ್ನೂ ಬೇರೆಯಾಗಿ ಕೊಯ್ಯಿಸುತ್ತಿದ್ದಳು. ಬುರುಲ್‌ಗೆ ದಿಗಿಲಾಯಿತು. ಬೇಡ ಎಂದವರ ಬಾಯಿಗೆ ಕೈಯಾರೆ ಕೊಬ್ಬು ತುರುಕುವ ಜನ ನಾವು. ಅಪ್ಪನ ಬಿಪಿ ಈಗಷ್ಟೇ ಇಳಿಯತೊಡಗಿತ್ತು.

ಹಿಟ್ಟು ನಾದಿಕೊಡುವ ನೆಪದಲ್ಲಿ ಅವಳು ಹಿಂದಿನ ದಿನವೇ ಅತ್ತೆಯ ಮನೆಗೆ ಹೋದಳು. ಕಣಕ ಲಟ್ಟಿಸುತ್ತ ಕುರುಬನ ಕಥೆ ಹೇಳಿದಳು. ಜೊಲ್ಲಿನ ಮಾತು ಬರುವಷ್ಟರಲ್ಲಿ ಸಾಯಿರಾಳ ಕಣ್ಣಲ್ಲಿ ನೀರು.

“ಅಯ್ಯೋ, ನನ್ನಣ್ಣನಿಗೆ ಹಾಗಾಗೋದು ಬೇಡಮ್ಮಾ. ಏನು ಮಾಡ್ಲಿ ಹೇಳು.”

“ಕೋಳಿ ಬೇಯಿಸಿ ಅತ್ತೆ, ತೊಗಲು ತೆಗೆದು. ಜೊತೆಗೆ ತರಕಾರಿ. ಒತ್ತಾಯ ಮಾಡಬೇಡಿ.”

“ಸರಿ. ಜಂಬಾಶ್? ಅದರ ಮೇಲೇ ಅಲ್ವಾ ಕೊಬ್ಬು ಇರೋದು.”

“ಅದೂ ಬೇಡ. ಬೇರೆಯವರಿಗೆ ಕೊಡಿ.”

ಸಾಯಿರಾಳ ಕೈ ಹಿಟ್ಟಿನಲ್ಲೇ ನಿಂತಿತು. “ಬೇರೆಯವರಿಗಾ? ಮುಕಾಶ್‌ಗಾ?”

“ಯಾರಿಗಾದರೂ. ತಿನ್ನೋರಿಗೆ ಕೊಡಿ.”

“ಬುರುಲ್, ಇದು ನಿಮ್ಮಪ್ಪ ಹೇಳಿ ಕಳಿಸಿದ್ದಾ? ಅವನ ಬಾಯಿಂದಲೇ ಬಂದಿದ್ದಾ?”

ಇಲ್ಲ ಎಂದರೆ ಅತ್ತೆ ಕೇಳುವುದಿಲ್ಲವೆಂದು ಹುಡುಗಿಗೆ ಗೊತ್ತಿತ್ತು. “ಹೂಂ ಅತ್ತೆ. ಅವರೇ ಹೇಳಿದ್ದು,” ಎಂದಳು. ಹೇಳಿ ಮತ್ತೆ ಲಟ್ಟಿಸತೊಡಗಿದಳು. ಒಳ್ಳೆಯದಕ್ಕೆ ಹೇಳಿದ ಸುಳ್ಳು ಸುಳ್ಳಲ್ಲ ಎಂದು ಎಲ್ಲ ಒಳ್ಳೆಯ ಮಕ್ಕಳ ಹಾಗೆ ಅವಳೂ ನಂಬಿದ್ದಳು. ಅಂಗರಚನೆಯ ಪರೀಕ್ಷೆಯಲ್ಲಿ ಒಂದು ಎಲುಬಿನ ಹೆಸರೂ ತಪ್ಪದೆ ತರಗತಿಗೇ ಮೊದಲು ಬಂದವಳು. ಹಿರಿಯರು ಕೂತ ಕೋಣೆಯಲ್ಲಿ ಮಾಂಸ ಹಂಚುವ ಹೊತ್ತಿಗೆ ಮಾತ್ರ ಅವಳು ಚಿಕ್ಕಂದಿನಿಂದಲೂ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು.

ಮಾರನೆಯ ದಿನ ಅತ್ತೆಯ ಮನೆ ತುಂಬಿತ್ತು. ಎಲ್ಲರಿಗಿಂತ ಮೇಲೆ ಆ ಮನೆಯವರ ಮುತ್ತಜ್ಜ ತೊಕೊಬಾಯ್. ಅವನ ಪಕ್ಕದಲ್ಲಿ ಶಾಯಿಮ್‌ಬೆಕ್, ಆಮೇಲೆ ಮುಕಾಶ್, ಹಾಗೇ ಇಳಿಯುತ್ತ ಬಾಗಿಲವರೆಗೂ ವಯಸ್ಸಿನ ಪ್ರಕಾರ ಜನ. ಮುಕಾಶ್ ಓಲೆಯ ಸುದ್ದಿಯನ್ನೇ ಮಾತಾಡುತ್ತಿದ್ದ. “ಅಣ್ಣ ತಯಾರಾಗಿದ್ದಾರೆ, ನದಿಗೆ ದಿನಾ ಭಾಷಣ ಒಪ್ಪಿಸ್ತಿದ್ದಾರಂತೆ,” ಎಂದು ತಮಾಷೆ ಮಾಡಿದ. ಶಾಯಿಮ್‌ಬೆಕ್ ನಾಚಿಕೊಂಡು ನಕ್ಕ. ಬುರುಲ್ ತಂಬಿಗೆ ಹಿಡಿದು ಎಲ್ಲರ ಕೈಗೆ ನೀರು ಹಾಕುತ್ತ ಬಂದಳು. ಅಪ್ಪ ಕೈ ಒರೆಸಿಕೊಳ್ಳುತ್ತ ಅವಳ ಕಡೆ ಕಣ್ಣು ಮಿಟುಕಿಸಿದ. ಹೆದರಬೇಡ, ಹೆಚ್ಚು ತಿನ್ನಲ್ಲ ಎಂಬಂತೆ.

ಮಾಂಸದ ತಟ್ಟೆಗಳು ಬಂದವು. ಕುರಿಯ ತಲೆ ತೊಕೊಬಾಯ್ ಅಜ್ಜನ ಮುಂದೆ ಕೂತಿತು. ಅತ್ತೆಯ ಗಂಡ ಜಂಬಾಶ್ ಎತ್ತಿದ. ಎಷ್ಟೋ ವರ್ಷದ ರೂಢಿಯಂತೆ ಅವನ ಕೈ ನೇರ ಶಾಯಿಮ್‌ಬೆಕ್ ಕಡೆಗೇ ಹೊರಟಿತ್ತು. “ರೀ, ನಿಲ್ಲಿ,” ಎಂದಳು ಹಿಂದಿನಿಂದ ಬಂದ ಸಾಯಿರಾ. ಅವಳ ಕೈಯಲ್ಲಿ ಬೇರೆಯೇ ಒಂದು ತಟ್ಟೆ. ಅದರಲ್ಲಿ ತೊಗಲು ಸುಲಿದ ಕೋಳಿಯ ಬಿಳಿ ತುಂಡು, ಬೆಂದ ಕ್ಯಾರೆಟ್, ಎಲೆಕೋಸು.

“ಅಣ್ಣನಿಗೆ ಮೈ ಹುಷಾರಿಲ್ಲ, ಪ್ರೆಷರು. ಅದಕ್ಕೇ ಅವನೇ ಹೇಳಿ ಕಳಿಸಿದ್ದಾನೆ, ಜಂಬಾಶ್ ನನಗೆ ಬೇಡ, ಮುಕಾಶ್‌ಗೆ ಕೊಡು ಅಂತ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅಕ್ಕರೆಯಿಂದ ತಟ್ಟೆಯನ್ನು ಅಣ್ಣನ ಮುಂದಿಟ್ಟಳು.

ತೊಕೊಬಾಯ್ ಅಜ್ಜ ಕಿವಿಗೆ ಅಂಗೈ ಹಿಡಿದು, “ಏನು? ತಾನಾಗಿಯೇ ಬಿಟ್ಟುಕೊಟ್ಟನಾ?” ಎಂದು ಕೇಳಿದ.

ಶಾಯಿಮ್‌ಬೆಕ್ ತಲೆಯೆತ್ತಿದ. ತಂಗಿಯನ್ನು ನೋಡಿದ, ತಮ್ಮನನ್ನು ನೋಡಿದ. ಆಮೇಲೆ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದ ಮಗಳನ್ನು ನೋಡಿದ. ಬುರುಲ್‌ಳ ಮುಖದಲ್ಲಿ ರಕ್ತವಿರಲಿಲ್ಲ. ಅದೊಂದೇ ಸಾಕಾಯಿತು, ಅವನಿಗೆ ಎಲ್ಲ ಅರ್ಥವಾಯಿತು. ಇಲ್ಲ, ನಾನು ಹೇಳಿಲ್ಲ ಎನ್ನಬಹುದಿತ್ತು. ಎಂದಿದ್ದರೆ ಓದಿದ ಮಗಳು ಅಷ್ಟು ಜನರ ಮುಂದೆ ಸುಳ್ಳಿ ಎನಿಸಿಕೊಳ್ಳುತ್ತಿದ್ದಳು.

“ಹೌದು ಅಜ್ಜ. ನಾನೇ ಹೇಳಿದ್ದು,” ಎಂದ.

“ಅಣ್ಣ, ಇದೇನು ನೀವು…” ಮುಕಾಶ್ ಅರ್ಧ ಎದ್ದ.

“ಕೂತ್ಕೋ. ತಗೋ. ನಿನ್ನ ಹಲ್ಲು ಗಟ್ಟಿಯಾಗಿದೆ.”

ಎಲ್ಲರೂ ನಕ್ಕರು. ನಗು ಬಂದದ್ದರಿಂದ ಎಲ್ಲರಿಗೂ ನಿರಾಳವಾಯಿತು. ಮುಕಾಶ್ ಎರಡೂ ಕೈ ಚಾಚಿ ಎಲುಬು ತೆಗೆದುಕೊಂಡ. ಬೇಸರವನ್ನೂ ಸಂತೋಷವನ್ನೂ ಒಟ್ಟಿಗೆ ಮುಚ್ಚಿಡಲು ಹೋಗಿ ಅವನ ಮುಖ ಹೇಗೋ ಆಯಿತು. ಪಕ್ಕದವರು ಶಾಯಿಮ್‌ಬೆಕ್‌ನ ಬೆನ್ನು ಸವರಿ, ಆರೋಗ್ಯ ಮುಖ್ಯ, ಒಳ್ಳೆಯ ಕೆಲಸ ಮಾಡಿದೆ ಎಂದರು. ಅವನು ಕ್ಯಾರೆಟ್ಟನ್ನು ಚಾಕುವಿನಿಂದ ಸಣ್ಣಗೆ ಹೆಚ್ಚಿ ತಿಂದ. ಯಾರೋ ಹುಡುಗಿ ಆ ತಟ್ಟೆಯ ಫೋಟೋ ತೆಗೆದು ಬುರುಲ್‌ಗೆ ಕಳಿಸಿದಳು.

ಮನೆಗೆ ಬಂದು ಅಪ್ಪ ಕೊಟ್ಟಿಗೆಗೆ ಹೋದ ಮೇಲೆ ಅನಾರ್‌ಕುಲ್ ಮಗಳ ತೋಳು ಹಿಡಿದು ಜಗ್ಗಿದಳು.

“ಏನು ಮಾಡಿದೆ ಕಣೇ? ಏನು ಮಾಡಿದೆ ನೀನು?”

“ಅಮ್ಮಾ, ಅಷ್ಟು ಕೊಬ್ಬು ತಿಂದಿದ್ರೆ…”

“ತಿನ್ನೋಕೆ ಯಾರೇ ಹೇಳಿದ್ರು? ನಿಮ್ಮಪ್ಪ ಯಾವತ್ತು ಅದನ್ನ ಅಲ್ಲಿ ತಿಂದಿದ್ದಾನೆ? ಮೂಗಿನ ಹತ್ತಿರ ಹಿಡೀತಾನೆ, ಒಂದು ಚೂರು ಕುಯ್ದು ಪಕ್ಕದವರಿಗೆ ಕೊಡ್ತಾನೆ, ಉಳಿದಿದ್ದು ಚೀಲದಲ್ಲಿ ಕಟ್ಕೊಂಡು ಬರ್ತಾನೆ. ಚಿಕ್ಕವಳಿದ್ದಾಗಿಂದ ಬೆಳಗ್ಗೆ ಎದ್ದು ಕಚ್ಕೊಂಡು ಓಡ್ತಿದ್ಯಲ್ಲ, ಅದೆಲ್ಲ ಯಾವ ಎಲುಬು ಅಂದ್ಕೊಂಡಿದ್ದೆ?”

ಬುರುಲ್ ಗೋಡೆಗೆ ಒರಗಿ ಕೂತಳು. ಫೋನಿನಲ್ಲಿ ಫೋಟೋ ಬಂದಿತ್ತು, ಕೋಳಿ, ಕ್ಯಾರೆಟ್, ತಟ್ಟೆಯ ಅಂಚಿನಲ್ಲಿ ಅಪ್ಪನ ಹೆಬ್ಬೆರಳು. ಗುಂಪಿಗೆ ಕಳಿಸಿದ್ದರೆ ಮೇಡಂ ಮೆಚ್ಚುತ್ತಿದ್ದರು. ಅವಳು ಅಳಿಸಿಹಾಕಿದಳು.

ಅಪ್ಪ ಬಯ್ಯಲಿಲ್ಲ. ಅದೇ ಕಷ್ಟವಾಯಿತು. ಬೆಳಗ್ಗೆ ಎಂದಿನಂತೆ ಎದ್ದು ನಡೆಯಲು ಹೊರಟ. ಬುರುಲ್ ಹಿಂದೆ ಓಡಿ, “ಅಪ್ಪ, ತಪ್ಪಾಯ್ತು,” ಎಂದಳು. “ನನ್ನ ಜೀವ ಉಳಿಸೋಕೆ ಮಾಡಿದೆ, ಅದರಲ್ಲೇನು ತಪ್ಪು?” ಎಂದ ಅವನು. ಅವತ್ತು ನದಿಯ ದಂಡೆಯಲ್ಲಿ ಅವನು ಗುನುಗಲಿಲ್ಲ.

ಬುರುಲ್ ಅತ್ತೆಯ ಹತ್ತಿರ ಓಡಿದಳು. ನಾನು ಸುಳ್ಳು ಹೇಳಿದೆ, ಅಪ್ಪನಿಗೆ ಏನೂ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡಳು. ಸಾಯಿರಾ ಹಣೆ ಹಣೆ ಚಚ್ಚಿಕೊಂಡಳು.

“ಈಗ ಬಂದು ಹೇಳ್ತೀಯಲ್ಲೇ! ಅಜ್ಜ ಕೇಳಿದಾಗ ಅವನೇ ಹೌದು ಅಂದ. ಈಗ ನಾನು ಹೋಗಿ ಅದು ಸುಳ್ಳು ಅಂದ್ರೆ, ಸುಳ್ಳು ಹೇಳಿದವರು ಯಾರಾಗ್ತಾರೆ? ತೊಕೊಬಾಯ್ ಅಜ್ಜನ ಮುಖಕ್ಕೆ ಸುಳ್ಳು ಹೇಳಿದವನನ್ನ ಯಾರು ಮೇಲೆ ಕೂರಿಸ್ತಾರೆ?”

“ಮತ್ತೇನು ಮಾಡೋದು ಅತ್ತೆ?”

“ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ. ಅದೊಂದೇ ನಿನ್ನ ಕೈಲಿ ಆಗೋದು.”

ಸುದ್ದಿಗೆ ಚಳಿಯಿಲ್ಲ, ಹಿಮವಿಲ್ಲ. ಆ ವಾರ ಇನ್ನೆರಡು ಮನೆಗಳಿಂದ ಕರೆ ಬಂತು. ಎರಡು ಕಡೆಯೂ ಜಂಬಾಶ್ ಯಾರನ್ನೂ ಕೇಳದೆ ಮುಕಾಶ್ ಮುಂದೆ ಹೋಯಿತು. ಎರಡು ಕಡೆಯೂ ಶಾಯಿಮ್‌ಬೆಕ್‌ಗೆ ಬೆಂದ ತರಕಾರಿ ಕಾದಿತ್ತು. ಜನ ಅವನನ್ನು ಅಣಕಿಸಲಿಲ್ಲ. ಅಣಕಿಸಿದ್ದರೆ ಒಂದು ಮಾತು ತಿರುಗಿಸಿ ಹೇಳಬಹುದಿತ್ತು. ಅವರು ಕನಿಕರಪಟ್ಟರು. ಕಾದಿರ್ ಕೂಡ ಬೇಲಿಯಾಚೆಯಿಂದ ಹಸುವಿನ ವಿಷಯ ಎತ್ತುವುದನ್ನು ಬಿಟ್ಟು, “ಹುಷಾರು, ಜಾರುತ್ತೆ,” ಎನ್ನತೊಡಗಿದ. ಒಬ್ಬ ಮನುಷ್ಯನನ್ನು ಇದ್ದ ಜಾಗದಿಂದ ಕೆಳಗಿಳಿಸಲು ಕನಿಕರದಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಯಾರ ಕೈಗೂ ಕೊಳೆ ಹತ್ತುವುದಿಲ್ಲ.

ಬಿಪಿ ಮಾತ್ರ ಪಾಠದಲ್ಲಿ ಬರೆದ ಹಾಗೆ ಇಳಿದಿತ್ತು.

ಓಲೆ ಇಡುವ ದಿನ ಬಂತು. ಬೆಳಕು ಹರಿಯುವ ಮೊದಲೇ ಶಾಯಿಮ್‌ಬೆಕ್ ಎದ್ದು ಗಡ್ಡ ಬೋಳಿಸಿಕೊಂಡಿದ್ದ. ಪೆಟ್ಟಿಗೆಯಿಂದ ಕಪ್ಪು ಕೋಟು ತೆಗೆದು ಹಾಕಿಕೊಂಡ, ನರಿಯ ತುಪ್ಪಳದ ಟೋಪಿಯನ್ನು ಕೊಡವಿ ತಲೆಗಿಟ್ಟ. ಬೂಟಿಗೆ ಮಗಳೇ ಎಣ್ಣೆ ಹಚ್ಚಿಕೊಟ್ಟಳು. ಎಲುಬು ಹೋದರೆ ಹೋಗಲಿ, ಬೀಗರ ಹೊಸಿಲಿನ ಮೊದಲ ಮಾತು ಅಪ್ಪನದೇ ತಾನೆ ಎಂದು ಅವಳು ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದಳು. ಅವನು ಅಂಗಳದ ಬೆಂಚಿನ ಮೇಲೆ ಕೂತು ತುಟಿ ಅಲ್ಲಾಡಿಸತೊಡಗಿದ. ಒಳಗಿನಿಂದ ಅನಾರ್‌ಕುಲ್, “ಚಳೀಲಿ ಕೂರಬೇಡಿ, ಅವರು ಬಂದು ಕರೀತಾರೆ,” ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ.

ಜೀಪ್ ಬಂತು. ಮುಂದಿನ ಸೀಟಿನಲ್ಲಿ ಮುಕಾಶ್, ಹಿಂದೆ ಸಾಯಿರಾಳ ಗಂಡ, ಇನ್ನಿಬ್ಬರು ನೆಂಟರು. ಹುಡುಗಿಗೆ ಒಯ್ಯುವ ಗಂಟುಗಳು ಉಳಿದ ಜಾಗದಲ್ಲಿ ತುಂಬಿದ್ದವು. ಮುಕಾಶ್ ಇಳಿದು ಅಣ್ಣನ ಎರಡೂ ಕೈ ಹಿಡಿದುಕೊಂಡ.

“ಅಣ್ಣ, ಆಶೀರ್ವಾದ ಮಾಡಿ. ಹೊರಟಿದೀವಿ.”

ಶಾಯಿಮ್‌ಬೆಕ್ ಜೀಪಿನ ಕಡೆ ನೋಡಿದ.

“ದೊಲೊನ್ ಘಟ್ಟದಲ್ಲಿ ರಾತ್ರಿ ಹಿಮ ಬಿದ್ದಿದೆಯಂತೆ,” ಎಂದ ಮುಕಾಶ್. “ಎತ್ತರ ಬೇರೆ. ನಿಮ್ಮ ಪ್ರೆಷರ್‌ಗೆ ಏನಾದರೂ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ಬೀಗರ ಮನೇಲಿ ಅವರು ಒತ್ತಾಯ ಮಾಡ್ತಾರೆ, ತಿನ್ನದಿದ್ರೆ ಅವರಿಗೆ ಅವಮಾನ. ನೀವು ಮನೇಲಿ ಹಾಯಾಗಿರಿ. ಎರಡು ಮಾತು ತಾನೆ, ನಾನೇ ಆಡ್ತೀನಿ.”

ಬುರುಲ್ ಚಪ್ಪಲಿಯಲ್ಲೇ ಅಂಗಳಕ್ಕೆ ಓಡಿಬಂದಳು. “ಚಿಕ್ಕಪ್ಪ, ಅಪ್ಪನ ಬಿಪಿ ಈಗ ಸರಿಯಾಗಿದೆ! ಪೂರ್ತಿ ಸರಿಯಾಗಿದೆ! ನಿನ್ನೆ ನೋಡಿದೀನಿ, ಇವತ್ತೂ ನೋಡಿದೀನಿ. ಘಟ್ಟ ಹತ್ತಬಹುದು, ಏನೂ ಆಗಲ್ಲ!”

“ಭೇಷ್ ಮಗಳೇ,” ಎಂದ ಮುಕಾಶ್, ಮನಸ್ಸು ತುಂಬಿ. “ನೀನು ಇಲ್ಲದಿದ್ರೆ ಅಣ್ಣನ ಗತಿ ಏನಾಗ್ತಿತ್ತೋ. ಹಾಗೇ ನೋಡ್ಕೋ. ಎಲ್ಲಿಗೂ ಕಳಿಸಬೇಡ.”

ಶಾಯಿಮ್‌ಬೆಕ್ ಅಂಗೈಗಳನ್ನೆತ್ತಿ ದಾರಿ ಸುಗಮವಾಗಲಿ ಎಂದು ಹರಸಿದ. ಮುಖ ಸವರಿಕೊಂಡ. ತಾನೇ ಹೋಗಿ ಗೇಟಿನ ಎರಡೂ ಬಾಗಿಲು ತೆರೆದು, ಜೀಪು ಹಿಂದಕ್ಕೆ ತಿರುಗಿ ಹೊರಹೋಗುವವರೆಗೂ ಒಂದನ್ನು ಹಿಡಿದು ನಿಂತಿದ್ದ. ಸಾಯಿರಾಳ ಗಂಡ ಕಿಟಕಿಯಿಂದ ಕೈ ಬೀಸಿದ. ಜೀಪು ಸೇತುವೆ ದಾಟಿದ ಮೇಲೂ ಅವನು ಗೇಟು ಮುಚ್ಚಲಿಲ್ಲ. ಬುರುಲ್ ಬಂದು ಮುಚ್ಚಿದಳು. ಅಪ್ಪನ ತೋಳು ಹಿಡಿದಳು. ಅಳು ಬಂತು, ಅದನ್ನು ನುಂಗಿದಳು. ಈಗ ಅತ್ತರೆ ಅವನು ತನ್ನನ್ನೇ ಸಮಾಧಾನ ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು.

ಒಳಗೆ ಅನಾರ್‌ಕುಲ್ ನೆಲದ ಮೇಲೆ ಊಟದ ಬಟ್ಟೆ ಹಾಸಿ ರೊಟ್ಟಿ ಇಟ್ಟಿದ್ದಳು. ಕಿಟಕಿಯಿಂದ ಎಲ್ಲ ನೋಡಿದ್ದಳು, ಏನೂ ನೋಡದವಳ ಹಾಗೆ ಚಹಾ ಸುರಿಯುತ್ತಿದ್ದಳು. ಶಾಯಿಮ್‌ಬೆಕ್ ಬೂಟು ಬಿಚ್ಚಿದ. ಕೋಟು, ಟೋಪಿ ತೆಗೆಯಲಿಲ್ಲ. ಬಾಗಿಲ ಪಕ್ಕದಲ್ಲಿ, ಸೊಸೆಯಂದಿರು ಕೂತು ಚಹಾ ಹಂಚುವ ಜಾಗದಲ್ಲಿ, ಮಂಡಿ ಮಡಚಿ ಕೂತ.

“ಅಪ್ಪ, ಅಲ್ಲಿ ಯಾಕೆ? ಮೇಲೆ ಬನ್ನಿ,” ಎಂದಳು ಬುರುಲ್.

“ಇರಲಿ ಬಿಡಮ್ಮಾ. ಇಲ್ಲಿ ಗಾಳಿ ಚೆನ್ನಾಗಿದೆ. ಆರೋಗ್ಯಕ್ಕೆ ಒಳ್ಳೇದು.”

ನಮ್ಮ ಮನೆಗಳಲ್ಲಿ ಮೊದಲ ಬಟ್ಟಲು ಹೋಗುವುದು ಬಾಗಿಲಿಗೆ ಎದುರಿನ ಮೇಲಿನ ಜಾಗಕ್ಕೆ, ಅಲ್ಲಿಂದ ಕೆಳಕ್ಕೆ ಇಳಿಯುತ್ತ ಬರಬೇಕು. ಅನಾರ್‌ಕುಲ್ ತುಂಬಿದ ಬಟ್ಟಲನ್ನು ಹಿಡಿದು ಆ ಕಡೆಗೆ ತಿರುಗಿದಳು. ಅಲ್ಲಿ ಮಡಿಸಿಟ್ಟ ಹಾಸಿಗೆಯಷ್ಟೇ ಇತ್ತು. ಈ ಕಡೆ ಗಂಡನನ್ನು ನೋಡಿದಳು. ಬಟ್ಟಲು ಎಲ್ಲಿಡಬೇಕೆಂದು ತಿಳಿಯದೆ ನಡುವೆಯೇ ನಿಂತಳು. ಬಿಸಿಗೆ ಬೆರಳು ಸುಡುತ್ತಿದ್ದರೂ ಕೆಳಗಿಡಲಿಲ್ಲ.